ಮೇಣಕ್ಕೆ ಮಾನ, ಬತ್ತಿಗೆ ಚೌಕಾಸಿ

ಇಡೀ ವಸ್ತುವನ್ನೇ ನಾವು ಕನ್ನಡದಲ್ಲಿ 'ಮೇಣದ ಬತ್ತಿ' ಎಂದು ಕರೆಯುತ್ತೇವೆ. ಹೆಸರನ್ನು ಗಮನಿಸಿ ನೋಡಿ. ಅದು ಮೇಣವನ್ನು ಹೊದ್ದ ಬತ್ತಿಯೇ ಹೊರತು ಬತ್ತಿಯನ್ನು ತೂರಿಸಿದ ಮೇಣವಲ್ಲ. ಬೆಳಕು ಹೊರಡುವುದು ಬತ್ತಿಯ ತುದಿಯಿಂದ. ಮೇಣ ಅದಕ್ಕೆ ಆಹಾರ ಮಾತ್ರ. ಭಾಷೆ ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ಕೊಳ್ಳುವ ಹೊತ್ತಿಗೆ ನಾವು ಮರೆತುಬಿಡುತ್ತೇವೆ. ಮೇಣದ ಬಿಳುಪನ್ನು ನೋಡುತ್ತೇವೆ, ತೂಕವನ್ನು ನೋಡುತ್ತೇವೆ. ಬತ್ತಿಯ ಮಾತು ಬಂದಾಗ ಮಾತ್ರ, 'ಯಾವುದಾದರೂ ಆದೀತು, ಅಗ್ಗದ್ದು ತನ್ನಿ' ಎನ್ನುತ್ತೇವೆ. ಈ ಮಾತಿನ ವಿರುದ್ಧವೇ ನನ್ನ ಈ ಬರಹ.

ಹಿಂದೆ ನಾನು ಸೇವೆಯಲ್ಲಿದ್ದ ಹುಬ್ಬಳ್ಳಿ-ಧಾರವಾಡದ ಒಂದು ಧರ್ಮಕೇಂದ್ರದಲ್ಲಿ ಏಳೆಂಟು ಮಂದಿ ತಾಯಂದಿರು ಸ್ವಸಹಾಯ ಗುಂಪು ಕಟ್ಟಿಕೊಂಡು ಮನೆಯಲ್ಲೇ ಮೇಣದ ಬತ್ತಿಗಳನ್ನು ತಯಾರಿಸುತ್ತಿದ್ದರು. ಒಂದು ವರ್ಷ ನವೆಂಬರ್ 2ರ ಸಕಲ ಮೃತರ ಸ್ಮರಣೆಗೆ ಬೇಕಾದ ಬತ್ತಿಗಳನ್ನೆಲ್ಲ ಅವರಿಗೇ ಒಪ್ಪಿಸಿದೆವು. ಆ ಸಂಜೆ ಸಮಾಧಿಗಳ ಮೇಲೆ ಕೆಲವು ಬತ್ತಿಗಳು ಕಪ್ಪು ಹೊಗೆಯುಗುಳಿದವು. ಕೆಲವು ತಮ್ಮದೇ ಕರಗಿದ ಮೇಣದಲ್ಲಿ ಮುಳುಗಿ ಆರಿದವು. ಇನ್ನು ಕೆಲವು ಬಾವಿಯಂತೆ ನಡುವೆ ಕುಳಿ ಕೊರೆದುಕೊಂಡು, ಸುತ್ತಲಿನ ಮೇಣವನ್ನು ಹಾಗೆಯೇ ಉಳಿಸಿದವು. ಮುಂದಿನ ಪಾಲನಾ ಸಮಿತಿಯ ಸಭೆಯಲ್ಲಿ ಒಬ್ಬ ಸದಸ್ಯರು, "ಮನೆಯ ಕೈಕೆಲಸವೆಂದರೆ ಇಷ್ಟೇ. ಇನ್ನು ಮೇಲೆ ಅಂಗಡಿಯಿಂದಲೇ ತರಿಸೋಣ" ಎಂದರು. ಹಲವರು ತಲೆಯಾಡಿಸಿದರು.

ಗುಂಪಿನ ಹಿರಿಯ ತಾಯಿ ಎದ್ದುನಿಂತು ಕೈಚೀಲದಿಂದ ಮೂರು ಸುರುಳಿ ಬತ್ತಿಗಳನ್ನು ತೆಗೆದು ಮೇಜಿನ ಮೇಲಿಟ್ಟರು. "ಫಾದರ್, ಮೇಣ ಒಂದ ಐತ್ರಿ, ಅಚ್ಚೂ ಒಂದ ಐತ್ರಿ. ಬತ್ತಿ ಮಾತ್ರ ಮೂರು ಕಡೀದ್ರಿ. ಅಗ್ಗದ್ದ ತರ್ರಿ ಅಂದೋರು ನೀವ ಅಲ್ಲೇನ್ರಿ?" ಎಂದರು. ಒಂದು ಸುರುಳಿ ಹುಬ್ಬಳ್ಳಿಯ ಪೇಟೆಯದು, ಇನ್ನೊಂದು ಪರವೂರಿನ ವ್ಯಾಪಾರಿ ಪಾರ್ಸೆಲ್ಲಿನಲ್ಲಿ ಕಳುಹಿಸಿದ್ದು, ಮೂರನೆಯದು ಯಾರದೆಂದೇ ತಿಳಿಯದೆ ಮೊಬೈಲಿನಲ್ಲಿ ತರಿಸಿದ್ದು. ಬತ್ತಿಯ ದರವನ್ನು ಎರಡು ಬಾರಿ ಇಳಿಸಿ ಚೀಟಿಗೆ ಸಹಿ ಹಾಕಿದವನು ನಾನೇ ಆಗಿದ್ದೆ. ಅಂದು ನನಗೆ ಉತ್ತರ ಹೊಳೆಯಲಿಲ್ಲ. ಇಬ್ಬರು ತಾಯಂದಿರು ಗುಂಪು ಬಿಟ್ಟರು. ಅವರಲ್ಲೊಬ್ಬರು ಮಗಳ ಕಾಲೇಜು ಫೀಸಿಗೆ ಈ ಕೆಲಸವನ್ನೇ ನೆಚ್ಚಿಕೊಂಡಿದ್ದರು.

ಬತ್ತಿ ಬರಿಯ ದಾರವಲ್ಲ ಎಂಬುದನ್ನು ನಾನು ತಿಳಿದದ್ದು ಆ ಬಳಿಕ. ಕರಗಿದ ಮೇಣ ಬತ್ತಿಯ ಎಳೆಗಳ ನಡುವಿನ ಸೂಕ್ಷ್ಮ ಸಂದುಗಳಲ್ಲಿ ಮೇಲೇರಿ, ಆವಿಯಾಗಿ ಉರಿಯುತ್ತದೆ. ಬತ್ತಿ ದಪ್ಪವಾದರೆ ಬೇಕಾದುದಕ್ಕಿಂತ ಹೆಚ್ಚು ಮೇಣ ಏರಿ, ಜ್ವಾಲೆ ದೊಡ್ಡದಾಗಿ ಮಸಿ ಉಗುಳುತ್ತದೆ. ತೆಳುವಾದರೆ ಜ್ವಾಲೆ ಸಣ್ಣದಾಗಿ ಮೇಣದಲ್ಲಿ ಮುಳುಗುತ್ತದೆ. ಆದ್ದರಿಂದ ಬತ್ತಿಯ ಗಾತ್ರ ಮೇಣದ ಬಗೆಗೂ ಅಚ್ಚಿನ ಅಗಲಕ್ಕೂ ಹೊಂದಬೇಕು. ಬಣ್ಣ, ಸುಗಂಧಗಳನ್ನು ಬೆರೆಸಿದರೆ ಲೆಕ್ಕ ಮತ್ತೆ ಬದಲಾಗುತ್ತದೆ. ಎಣ್ಣೆದೀಪದ ಬತ್ತಿಯನ್ನು ನಾವು ಆಗಾಗ ಮುಂದಕ್ಕೆ ಸರಿಸುತ್ತೇವೆ, ಕರಕಲನ್ನು ಚಿವುಟುತ್ತೇವೆ. ಮೇಣದ ಬತ್ತಿಗೂ ಹಿಂದೆ ಇದೇ ಗತಿಯಿತ್ತು. ಕತ್ತರಿ ಹಿಡಿದು ಸುಟ್ಟ ತುದಿಯನ್ನು ಕತ್ತರಿಸುತ್ತಿರಬೇಕಿತ್ತು. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಹತ್ತಿಯ ಎಳೆಗಳನ್ನು ಜಡೆಯಂತೆ ಹೆಣೆಯುವ ಕ್ರಮ ಬಂದ ಮೇಲೆ ಬತ್ತಿಯ ತುದಿ ತಾನಾಗಿ ಬಾಗಿ, ಜ್ವಾಲೆಯ ಅಂಚಿಗೆ ತಾಗಿ ಸುಟ್ಟುಹೋಗತೊಡಗಿತು. ಬೋರಾಕ್ಸಿನಂಥ ಲವಣಗಳ ದ್ರಾವಣದಲ್ಲಿ ಅದನ್ನು ನೆನೆಸಿ ಒಣಗಿಸುವುದೂ ಕರಕಲು ಉಳಿಯದಿರಲೆಂದೇ. ಇಷ್ಟೆಲ್ಲ ಅಡಗಿರುವ ವಸ್ತುವನ್ನು ಪ್ರತಿ ಸಲವೂ ಬೇರೆ ಬೇರೆಯವರಿಂದ ತಂದು, ಎಲ್ಲವೂ ಒಂದೇ ಬಗೆಯಾಗಿ ಉರಿಯಲಿ ಎಂದರೆ ಹೇಗೆ ಸಾಧ್ಯ?

ಅಗ್ಗದ ವಾದವನ್ನು ಅದರದೇ ಲೆಕ್ಕದಲ್ಲಿ ಪರೀಕ್ಷಿಸೋಣ. 20 ಸೆಂಟಿಮೀಟರ್ ಎತ್ತರದ ಮೇಣದ ಬತ್ತಿಗೆ ಸುಮಾರು 22 ಸೆಂಟಿಮೀಟರ್ ಬತ್ತಿ ಬೇಕು. 100 ಮೀಟರಿನ ಒಂದು ಸುರುಳಿಯಿಂದ ಸುಮಾರು 450 ಆಗುತ್ತವೆ. ಸುರುಳಿಗೆ 50 ರೂಪಾಯಿ ಉಳಿಸಿದೆವೆಂದರೂ ಒಂದಕ್ಕೆ ಉಳಿದದ್ದು 11 ಪೈಸೆ. ಆ 11 ಪೈಸೆಗಾಗಿ ಮೇಣ ಕೆಟ್ಟಿತು, ಒಬ್ಬ ತಾಯಿಯ ದಿನವಿಡೀ ದುಡಿಮೆ ಕೆಟ್ಟಿತು, ಅದಕ್ಕಿಂತ ಹೆಚ್ಚಾಗಿ ಆಕೆಯ ಹೆಸರು ಕೆಟ್ಟಿತು. ಇದನ್ನು ಉಳಿತಾಯವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

'ಒಬ್ಬರಲ್ಲೇ ಕೊಂಡರೆ ಅವರು ಹೇಳಿದ್ದೇ ಬೆಲೆಯಾಗುತ್ತದೆ. ನಾಲ್ಕು ಕಡೆ ವಿಚಾರಿಸುವುದು ತಪ್ಪೇ?' ಎಂದು ಕೆಲವರು ಕೇಳುತ್ತಾರೆ. ವಿಚಾರಿಸುವುದು ತಪ್ಪಲ್ಲ. ಸರಕು ಸಿಗದ ಕಾಲಕ್ಕೆ ಎರಡನೆಯ ವ್ಯಾಪಾರಿಯೊಬ್ಬನ ಪರಿಚಯವಿರುವುದೂ ಜಾಣತನವೇ. ತಪ್ಪಿರುವುದು ಪರೀಕ್ಷಿಸದೆ ಬದಲಾಯಿಸುವುದರಲ್ಲಿ. ಬೆಲೆಯೊಂದನ್ನೇ ಕೇಳಿ, ನೂಲು ಯಾವುದು, ಹೆಣಿಗೆ ಎಂಥದು, ಎಷ್ಟು ಅಗಲದ ಮೇಣಕ್ಕೆ ಹೊಂದುತ್ತದೆ ಎಂದು ಕೇಳದಿರುವುದರಲ್ಲಿ. ಬೆಲೆಯನ್ನಷ್ಟೇ ಕೇಳುವ ಗಿರಾಕಿಗೆ ವ್ಯಾಪಾರಿ ಬೆಲೆಯನ್ನಷ್ಟೇ ಮಾರುತ್ತಾನೆ.

ಇದನ್ನು ನಮ್ಮ ನೆಲಕ್ಕೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಇದು ಎರಿ ಹೊಲಗಳ ಹತ್ತಿಯ ನಾಡು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ತಲುಪದಾಯಿತು. ಆಗ ಧಾರವಾಡವೂ ಸೇರಿದ್ದ ಮುಂಬೈ ಪ್ರಾಂತ್ಯದ ಹತ್ತಿಗೆ ಬೇಡಿಕೆ ಏರಿತು, ಜೊತೆಗೆ ಕಲಬೆರಕೆಯೂ ಏರಿತು. ಅದನ್ನು ತಡೆಯಲು 1863ರಲ್ಲಿ ಮುಂಬೈ ಸರಕಾರ ಕಾಯಿದೆಯನ್ನೇ ತರಬೇಕಾಯಿತು. ಇಂದಿಗೆ ಬಂದರೆ, ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜವನ್ನು ತಯಾರಿಸುತ್ತಿದೆ. ಅಲ್ಲಿ ನೂಲು, ಬಣ್ಣ, ಅಳತೆ, ಹೊಲಿಗೆ ಎಲ್ಲಕ್ಕೂ ಪರೀಕ್ಷೆಯುಂಟು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಬಟ್ಟೆಗೂ ಯಂತ್ರದ ತಯಾರಿಕೆಗೂ ಅನುಮತಿ ದೊರೆತಾಗ ನಮ್ಮೂರಿನ ನೂಲುವ, ಹೊಲಿಯುವ ಹೆಣ್ಣುಮಕ್ಕಳ ಗತಿಯೇನೆಂದು ನಾವೆಲ್ಲ ಮರುಗಿದೆವು. ಮರುಗಿದ ನಾವೇ ನಮ್ಮ ಮೇಣದ ಬತ್ತಿಯೊಳಗೆ ಪಾಲಿಯೆಸ್ಟರ್ ಬೆರೆತ ದಾರವನ್ನು ಸೇರಿಸಿಕೊಂಡೆವಲ್ಲ! ಹಾಗೆಂದು ಖಾದಿ ನೂಲನ್ನು ತಂದು ನೇರವಾಗಿ ಮೇಣಕ್ಕೆ ಇಳಿಸಿ ಎಂದು ನಾನು ಹೇಳುವುದಿಲ್ಲ. ಹೆಣೆಯದೆ, ಹದಮಾಡದೆ ಆ ನೂಲು ಒಳ್ಳೆಯ ಬತ್ತಿಯಾಗದು. ಆದರೆ ನೂಲಿನ ಬೆಲೆ ಬಲ್ಲ ಊರಿನವರಿಗೆ ಬತ್ತಿಯ ಬೆಲೆ ತಿಳಿಯದಿರುವುದು ನಾಚಿಕೆಯ ಸಂಗತಿಯಲ್ಲವೇ?

ಮಾಡಬೇಕಾದದ್ದು ದೊಡ್ಡದೇನಲ್ಲ. ಹೊಸ ಸುರುಳಿ ಬಂದಾಗ ಒಂದು ತುಂಡನ್ನು ಸುಟ್ಟು ನೋಡಿ. ಶುದ್ಧ ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆದುವಾದ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಬೆರೆತಿದ್ದರೆ ಕರಗಿ ಗಟ್ಟಿಯಾದ ಕಪ್ಪು ಮಣಿಯಾಗುತ್ತದೆ. ಒಳಗೆ ಲೋಹದ ತಂತಿಯಿದೆಯೇ ಎಂದು ಬಿಡಿಸಿ ನೋಡಿ. ಸೀಸದ ತಂತಿಯುಳ್ಳ ಬತ್ತಿಗಳನ್ನು ಅಮೆರಿಕ 2003ರಲ್ಲಿ ನಿಷೇಧಿಸಿತು. ಸೀಸದ ಹೊಗೆ ಮಕ್ಕಳಿಗೆ ವಿಷ. ಬಳಿಕ ಎರಡು ಮೂರು ಮೇಣದ ಬತ್ತಿಗಳನ್ನು ಮಾಡಿ ಕೊನೆಯವರೆಗೂ ಉರಿಸಿ, ಯಾವ ಸುರುಳಿ ಹೇಗೆ ಉರಿಯಿತೆಂದು ಪುಸ್ತಕದಲ್ಲಿ ಬರೆದಿಡಿ. ಚೆನ್ನಾಗಿ ಉರಿದುದನ್ನೇ ಮುಂದೆಯೂ ಕೊಳ್ಳಿ. ಈ ಪರೀಕ್ಷೆಗೆ ತಗಲುವ ಮೇಣದ ಖರ್ಚನ್ನು ಧರ್ಮಕೇಂದ್ರವೇ ಭರಿಸಲಿ, ತಾಯಂದಿರ ತಲೆಗೆ ಕಟ್ಟುವುದು ಬೇಡ. ದರ ಗೊತ್ತುಮಾಡುವ ಸಭೆಯಲ್ಲಿ ಅವರಲ್ಲೊಬ್ಬರು ಕುಳಿತಿರಲಿ.

ಪಾಸ್ಖ ಘೋಷಣೆಯ ಲತೀನ್ ಮೂಲದಲ್ಲಿ ಮೇಣವನ್ನು ನೀಡಿದ ಜೇನುನೊಣದ ಸ್ಮರಣೆಯುಂಟು. ನೂಲಿಗೆ ಹತ್ತಿ ಬೆಳೆದವರನ್ನು, ಬತ್ತಿ ಹೆಣೆದವರನ್ನು, ಕರಗಿದ ಮೇಣವನ್ನು ಅಚ್ಚಿಗೆ ಎರೆದ ಕೈಗಳನ್ನು ನೆನೆಯುವ ಹೊಣೆ ನಮ್ಮದು. ದೇವರ ಸೇವಕನು ಮಿಣುಕುತ್ತಿರುವ ಬತ್ತಿಯನ್ನೂ ನಂದಿಸುವವನಲ್ಲವೆಂದು ಪ್ರವಾದಿ ಯೆಶಾಯ ಸಾರಿದ್ದನ್ನು ಸಂತ ಮತ್ತಾಯರು ಯೇಸುಸ್ವಾಮಿಗೆ ಅನ್ವಯಿಸಿದ್ದಾರೆ. ಆ ಸ್ವಾಮಿಯ ಹೆಸರಿನಲ್ಲಿ ಕೂಡಿದ ನಮ್ಮ ಸಭೆ 11 ಪೈಸೆಗಾಗಿ ಇಬ್ಬರು ತಾಯಂದಿರ ಮನೆಯ ಬತ್ತಿಯನ್ನು ನಂದಿಸಿತು. ಈ ಸಲ ನವೆಂಬರ್ ಬರುವ ಮುನ್ನ ನಿಮ್ಮ ನಿಮ್ಮ ಧರ್ಮಕೇಂದ್ರದ ದರದ ಚೀಟಿಯನ್ನು ಒಮ್ಮೆ ತೆಗೆದು ನೋಡಿ. ಅದರಲ್ಲಿ ಬತ್ತಿಯ ಸಾಲಿಗೆ ಎಷ್ಟು ಬರೆದಿದ್ದೀರಿ?