ನೆರಳನ್ನು ನೆಚ್ಚಿದವನು

ರಂಗದ ಮೇಲೆ ರಾಜನ ವೇಷಕ್ಕಿಂತ ಕಳ್ಳನ ವೇಷಕ್ಕೆ ಹೆಚ್ಚು ಚಪ್ಪಾಳೆ ಬೀಳುವುದನ್ನು ವಾಚಕರು ಕಂಡೇ ಇರುತ್ತಾರೆ. ಶೂದ್ರಕನ ‘ಮೃಚ್ಛಕಟಿಕ’ದಲ್ಲಿ ಕನ್ನ ಕೊರೆಯಬಂದ ಶರ್ವಿಲಕನು ಅಳತೆಯ ದಾರವನ್ನು ಮರೆತು, ಜನಿವಾರದಿಂದಲೇ ಗೋಡೆಯನ್ನು ಅಳೆಯುವಾಗ ನಗದವರಾರು? ಸಜ್ಜನರಾದ ನಮಗೆ ಚೋರನ ಮೇಲೆ ಇಂಥ ಅಕ್ಕರೆ ಏತಕ್ಕೆಂದು ಕೇಳಿದರೆ ಉತ್ತರ ಸುಲಭ: ಬಾಗಿಲು ಮುಚ್ಚಿದೆಯೆಂದು ನಾವು ಹಿಂದಿರುಗುವಲ್ಲಿ ಅವನು ಕಿಟಕಿಯನ್ನು ಹುಡುಕುತ್ತಾನೆ.

ಈ ಅಕ್ಕರೆಯನ್ನು ತೀರಿಸಿಕೊಳ್ಳಲು ಈಗ ಒಂದು ಆಟವೇ ಇದೆ. ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂದು ಅದರ ಹೆಸರು. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿಕೊಂಡು, ಮಾತಿನಿಂದಲೇ ಕಥೆಯನ್ನು ನಡೆಸುತ್ತಾರೆ. ಅವರಲ್ಲೊಬ್ಬನು ಸೂತ್ರಧಾರ. ಉಳಿದವರ ಸಾಹಸಗಳ ಫಲವನ್ನು ಇಪ್ಪತ್ತು ಮುಖಗಳ ದಾಳ ನಿರ್ಣಯಿಸುತ್ತದೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಇದನ್ನು 1974ರಲ್ಲಿ ಹೊರತಂದರು. ಮೊದಲಿಗೆ ಇದ್ದುದು ಯೋಧ, ಮಾಂತ್ರಿಕ, ಪುರೋಹಿತ ಎಂಬ ಮೂರೇ ವರ್ಗಗಳು. ಕಳ್ಳನು 1975ರಲ್ಲಿ ‘ಗ್ರೇಹಾಕ್’ ಎಂಬ ಪುರವಣಿಯ ಮೂಲಕ ಒಳಗೆ ನುಸುಳಿದನು. 1978ರ ನಿಯಮಗಳಲ್ಲಿ ಹೊಸ ಕಳ್ಳನಿಗೆ ಗೋಡೆ ಹತ್ತುವ ಸಾಮರ್ಥ್ಯ ನೂರಕ್ಕೆ 85. ನೆರಳಿನಲ್ಲಿ ಅಡಗುವ ಸಾಮರ್ಥ್ಯ ಕೇವಲ 10! ಹತ್ತು ಬಾರಿ ಅವಿತರೆ ಒಂಬತ್ತು ಬಾರಿ ಸಿಕ್ಕಿಬೀಳುವ ಬಡಪಾಯಿ ಅವನು. 2000ದಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಈ ವರ್ಗಕ್ಕೆ ‘ರೋಗ್’ ಎಂದು ಹೆಸರಾಯಿತು. ಬದಲಾವಣೆ ಉಚಿತವೇ, ಬೀಗದ ಮರ್ಮ ಬಲ್ಲವರೆಲ್ಲರೂ ಕಳ್ಳರಲ್ಲ, ಗೂಢಚಾರರೂ ಪತ್ತೇದಾರರೂ ಅವರಲ್ಲಿದ್ದಾರೆ.

ಇಂಥ ಪಾತ್ರವನ್ನು ಕಟ್ಟುವುದು ಹೇಗೆ? 2014ರ ಐದನೆಯ ಆವೃತ್ತಿಯನ್ನೇ ಹಿಡಿದು ನೋಡೋಣ. 2024ರಲ್ಲಿ ಅದು ಪರಿಷ್ಕೃತವಾದರೂ ಈ ವರ್ಗದ ತಿರುಳು ಮಾರ್ಪಟ್ಟಿಲ್ಲ. ಪ್ರತಿಯೊಂದು ಪಾತ್ರಕ್ಕೂ ಆರು ಗುಣಗಳು. ಅವಕ್ಕೆ ಹಂಚಲು 15, 14, 13, 12, 10, 8 ಎಂಬ ಆರು ಅಂಕಗಳು. ಕೈಚಳಕಕ್ಕೆ 15ನ್ನು ಕಣ್ಣುಮುಚ್ಚಿ ಕೊಡಬಹುದು. ದೇಹದಾರ್ಢ್ಯಕ್ಕೆ 14, ಜಾಣತನ ಕೈಕೊಟ್ಟ ಗಳಿಗೆಯಲ್ಲಿ ಜೀವ ಉಳಿಸುವುದು ಅದೇ. ಕಣ್ಣು ಕಿವಿಗಳು ಚುರುಕಾಗಿರಲು ವಿವೇಕಕ್ಕೆ 13, ಮಾತಿನ ಮೋಡಿಗಾಗಿ ವರ್ಚಸ್ಸಿಗೆ 12, ಬುದ್ಧಿಗೆ 10. ತೋಳ್ಬಲಕ್ಕೆ ಉಳಿದ 8 ಸಾಕು; ಬಾಗಿಲು ಒಡೆಯುವ ಕೆಲಸ ಯೋಧನಿಗಿರಲಿ.

ಕುಲವನ್ನು ಆರಿಸುವಾಗ ‘ಹಾಫ್ಲಿಂಗ್’ ಎಂಬ ಕುಳ್ಳರ ಕುಲವನ್ನು, ಅದರಲ್ಲಿಯೂ ಹಗುರ ಹೆಜ್ಜೆಯ ಶಾಖೆಯನ್ನು ನೆನೆಯಬೇಕು. ಮೂರಡಿ ಎತ್ತರದ ಈ ಜನ ತಮಗಿಂತ ದೊಡ್ಡವನೊಬ್ಬನ ಬೆನ್ನ ಹಿಂದೆಯೇ ಅಡಗಬಲ್ಲರು. ದಾಳದಲ್ಲಿ ಒಂದು ಬಿದ್ದರೆ ಮತ್ತೊಮ್ಮೆ ಉರುಳಿಸುವ ಭಾಗ್ಯವೂ ಅವರಿಗುಂಟು. ಈ ಕುಲದಿಂದ ಕೈಚಳಕವು 17ಕ್ಕೆ ಏರಿ, ದಾಳಕ್ಕೆ 3ನ್ನು ಕೂಡಿಸುತ್ತದೆ. ಅಡಗುವ ವಿದ್ಯೆಯನ್ನು ವಿಶೇಷ ಪರಿಣತಿಯಾಗಿ ಆರಿಸಿಕೊಂಡರೆ ಅಭ್ಯಾಸದ 2 ಇಮ್ಮಡಿಯಾಗಿ 4 ಆಗುತ್ತದೆ. ಒಟ್ಟು 7. ಸಾಮಾನ್ಯ ಕಾವಲುಗಾರನ ಎಚ್ಚರ 12. ಅದನ್ನು ಮೀರಲು ದಾಳದಲ್ಲಿ 6 ಬಿದ್ದರೆ ಸಾಕು. ನಾಲ್ಕರಲ್ಲಿ ಮೂರು ಬಾರಿಗಿಂತ ತುಸು ಹೆಚ್ಚೇ ಅವನು ಕಣ್ತಪ್ಪಿಸುತ್ತಾನೆ. 1978ರ ಆ ಬಡಪಾಯಿ ಇದನ್ನು ಕಂಡರೆ ಅಸೂಯೆಪಟ್ಟಾನು!

ಆದರೆ ಅಡಗುವುದೆಂದರೆ ಮಾಯವಾಗುವುದಲ್ಲ. ದೀಪದ ಬೆಳಕಿನಲ್ಲಿ, ಕಾವಲುಗಾರನ ಕಣ್ಣೆದುರಿನಲ್ಲಿ ನಿಂತು ದಾಳ ಉರುಳಿಸಿದರೆ ಯಾವ ಅಂಕವೂ ಕಾಪಾಡದು. ಆದುದರಿಂದ ಜಾಣ ಆಟಗಾರನು ಮೊದಲು ಸೂತ್ರಧಾರನನ್ನು ಪ್ರಶ್ನಿಸುತ್ತಾನೆ: ಪಂಜು ಎಲ್ಲಿದೆ? ಕಂಬ ಎಷ್ಟು ದಪ್ಪ? ನಾಯಿ ಇದೆಯೇ? ದಾಳಕ್ಕೆ ಕೈಹಾಕುವುದು ಆಮೇಲೆ. ಎರಡನೆಯ ಹಂತವನ್ನು ಮುಟ್ಟಿದ ಮೇಲಂತೂ, ಒಂದೇ ಸರದಿಯಲ್ಲಿ ಹೊಡೆದು, ಮತ್ತೆ ಓಡುವ, ಜಾರಿಕೊಳ್ಳುವ ಅಥವಾ ಅಡಗುವ ಚಾತುರ್ಯ ಅವನಿಗೆ ದೊರೆಯುತ್ತದೆ.

ಇನ್ನು ಮರೆಯ ಪೆಟ್ಟಿನ ವಿಚಾರ. ಸರದಿಗೊಮ್ಮೆ, ಕಿರುಗತ್ತಿಯಿಂದಲೋ ಬಿಲ್ಲಿನಿಂದಲೋ ಹೊಡೆದ ಪೆಟ್ಟಿಗೆ ಆರು ಮುಖದ ಒಂದು ದಾಳದಷ್ಟು ಹೆಚ್ಚಿನ ಘಾತ ಸೇರುತ್ತದೆ. ಪಾತ್ರವು ಬೆಳೆದಂತೆ ಎರಡು ಹಂತಗಳಿಗೊಂದರಂತೆ ದಾಳಗಳು ಕೂಡಿ, 19ನೆಯ ಹಂತಕ್ಕೆ ಹತ್ತಾಗುತ್ತವೆ. ಆದರೆ ಇದಕ್ಕೊಂದು ಕಟ್ಟುಪಾಡಿದೆ. ವೈರಿಯು ಅವನನ್ನು ಕಾಣದಿರುವಂಥ ಮೇಲುಗೈ ಅವನಿಗಿರಬೇಕು. ಇಲ್ಲವೇ ಆ ವೈರಿಯ ಐದಡಿಯೊಳಗೆ ಸಂಗಡಿಗನೊಬ್ಬನು ನಿಂತು ಕಾದುತ್ತಿರಬೇಕು. ಎರಡನೆಯ ಮಾತನ್ನು ವಾಚಕರು ಚೆನ್ನಾಗಿ ಗಮನಿಸಬೇಕು. ಗೆಳೆಯನು ಎದುರಿಗಿದ್ದರೆ ಅವಿತುಕೊಳ್ಳಬೇಕಾದ ಅಗತ್ಯವೂ ಇಲ್ಲ! ಚರ್ಮದ ಕವಚ ತೊಟ್ಟರೂ ಇವನ ರಕ್ಷಣೆ 14. ಮೊದಲ ಹಂತದಲ್ಲಿ ಪ್ರಾಣದ ಅಂಕ 10. ಹೊಡೆದ ಕೂಡಲೇ ಅಡಗುತಾಣವೂ ಬಯಲಾಗುತ್ತದೆ. ಒಂಟಿಯಾದರೆ ಅವನ ಆಯುಷ್ಯ ಎರಡು ಪೆಟ್ಟು. ಕತ್ತಲೆಗಿಂತ ದೊಡ್ಡ ನೆರಳು ಸಂಗಡಿಗನದೇ ಎಂಬುದನ್ನು ನಿಯಮವೇ ಸಾರುತ್ತಿದೆ.

ಹೀಗಿದ್ದರೂ ಹೊಸಬರು ಕಟ್ಟುವ ಪಾತ್ರವೆಂಥದು? ತಂದೆತಾಯಿಯಿಲ್ಲದವನು, ಯಾರನ್ನೂ ನಂಬದವನು, ಮೂಲೆಯಲ್ಲಿ ಮುಸುಕೆಳೆದು ಕುಳಿತವನು. ಎರಡನೆಯ ದಿನಕ್ಕೇ ಅವನು ಸಂಗಡಿಗರ ಚೀಲಕ್ಕೆ ಕೈಹಾಕುತ್ತಾನೆ. ಆಕ್ಷೇಪಿಸಿದರೆ, ‘ನನ್ನ ಪಾತ್ರದ ಸ್ವಭಾವವೇ ಅಂಥದು’ ಎಂಬ ಉತ್ತರ ಸಿದ್ಧ. ಆ ಸ್ವಭಾವವನ್ನು ಬರೆದ ಕೈ ಯಾರದು, ಸ್ವಾಮಿ? ಕದ್ದ ಹಣ ಕಾಗದದ ಮೇಲಿನದಾಗಿರಬಹುದು. ಮೇಜಿನ ಆಚೆ ಬಾಡಿದ ಮುಖವಂತೂ ನಿಜವಾದುದು. ಶರ್ವಿಲಕನೂ ಕದ್ದನು, ಪ್ರಿಯೆಯಾದ ಮದನಿಕೆಯ ಬಿಡುಗಡೆಗಾಗಿ ಕದ್ದನು. ಅವಳು ಕೈಸೇರಿದ ಗಳಿಗೆಯಲ್ಲಿಯೇ ಮಿತ್ರ ಆರ್ಯಕನು ಸೆರೆಯಾದನೆಂಬ ಸುದ್ದಿ ಬರಲು, ಅವಳನ್ನು ಬಿಟ್ಟು ಗೆಳೆಯನನ್ನು ಬಿಡಿಸಲು ನಡೆದನು. ಅವನನ್ನು ನಾವು ಮೆಚ್ಚುವುದು ಕನ್ನದ ಕೌಶಲಕ್ಕಾಗಿ ಮಾತ್ರವಲ್ಲ.

ಮಗನೋ ಮಗಳೋ ಕಳ್ಳನ ಪಾತ್ರವನ್ನು ಆರಿಸಿದರೆಂದು ಹಿರಿಯರು ಹೌಹಾರಬೇಕಾದುದಿಲ್ಲ. ಕಾಯುವುದು, ಲೆಕ್ಕಹಾಕುವುದು, ಸುತ್ತಲನ್ನು ಗಮನಿಸುವುದು ಇವು ಕೆಟ್ಟ ವಿದ್ಯೆಗಳಲ್ಲ. ಎಚ್ಚರ ಬೇಕಾದುದು ಬೇರೆಡೆ. ನಾಲ್ವರೆದುರು ಮಾತನಾಡಲು ನಾಚುವ ಮಗುವಿಗೆ ಈ ಪಾತ್ರವು ಅಡಗಿಕೊಳ್ಳಲು ಇನ್ನೊಂದು ಮೂಲೆಯಾಗಿಬಿಡಬಹುದು. ಪಾತ್ರದ ಮುಸುಕು, ಅದರೊಳಗೆ ಆಟಗಾರನ ಮುಸುಕು!

ಇದಕ್ಕೆ ಮದ್ದು ಪಾತ್ರವನ್ನು ಕಟ್ಟುವಾಗಲೇ ಇದೆ. ಅಂಕಗಳನ್ನೆಲ್ಲ ಬರೆದಾದ ಮೇಲೆ ಹಾಳೆಯ ಕೆಳಗೆ ಮೂರು ಪ್ರಶ್ನೆಗಳಿಗೆ ಉತ್ತರ ಬರೆಸಿರಿ. ಇವನು ಯಾರ ಮನೆಗೆ ಎಂದೂ ಕನ್ನ ಹಾಕನು? ಯಾವುದಕ್ಕೆ ಅಂಜುವನು? ಸಂಗಡಿಗರಲ್ಲಿ ಯಾರಿಗೆ ಋಣಿಯಾಗಿರುವನು? ಮೂರನೆಯ ಉತ್ತರವನ್ನು ಒಬ್ಬನೇ ಕುಳಿತು ಬರೆಯಲಾಗದು. ಆ ಸಂಗಡಿಗನ ಪಾತ್ರಧಾರಿಯನ್ನು ಕೇಳಿಯೇ ಬರೆಯಬೇಕು. ಮಾತು ಅಲ್ಲಿಂದಲೇ ಆರಂಭವಾಗುತ್ತದೆ. ಅನಂತರ ಅವನು ಎಷ್ಟು ಬೇಕಾದರೂ ಅಡಗಲಿ. ಅವನೆಲ್ಲಿರುವನೆಂದು ಬಲ್ಲ ಒಬ್ಬರಾದರೂ ಮೇಜಿನ ಬಳಿ ಇರುತ್ತಾರೆ.