ಕರಗುವ ಕವರ್ ಕರಗೋದೆಲ್ಲಿ?

ನಿಮ್ಮ ಅಡುಗೆಮನೆಯಲ್ಲೂ ಕವರ್‌ಗಳನ್ನೆಲ್ಲ ಮಡಚಿ ತುಂಬಿಟ್ಟ ಒಂದು ದೊಡ್ಡ ಕವರ್ ಇದೆ ತಾನೇ? ಒಂದನ್ನು ತೆಗೆದು ಮೇಲೇನು ಬರೆದಿದೆ ಓದಿ ನೋಡಿ. 2022ರ ನವೆಂಬರ್ 15ರಿಂದ ಕತಾರ್‌ನ ಅಂಗಡಿಗಳಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧವಿದೆ. ಕಾಗದದ, ಬಟ್ಟೆಯ, ಮತ್ತೆ ಮತ್ತೆ ಬಳಸುವ ಚೀಲಗಳ ಜೊತೆ 'ಬಯೋಡಿಗ್ರೇಡಬಲ್' ಚೀಲಕ್ಕೂ ಅನುಮತಿ ಇದೆ. ಅಂದರೆ ಸೂಕ್ಷ್ಮಜೀವಿಗಳು ತಿಂದು ಕರಗಿಸುವಂಥದ್ದು. ಆ ಪದ ಕಂಡ ಕೂಡಲೇ ನಾವು ನೆಮ್ಮದಿಯಾಗಿ ಇನ್ನೆರಡು ಕವರ್ ಕೇಳುತ್ತೇವೆ. ನನ್ನ ತಕರಾರು ಅಲ್ಲೇ.

ಒಳ್ಳೆಯ ಕವರ್ ಮಾಡೋಕೆ ಆಗುತ್ತೆ. ಮೆಕ್ಕೆಜೋಳದ ಪಿಷ್ಟದಿಂದ ತೆಳುವಾದ ಹಾಳೆ ಮಾಡಬಹುದು, ಆದರೆ ನೀರು ತಗುಲಿದರೆ ಮೆತ್ತಗಾಗಿ ಹರಿಯುತ್ತದೆ. ಅದಕ್ಕೇ ಭತ್ತದ ಹೊಟ್ಟು, ಕಬ್ಬಿನ ಸಿಪ್ಪೆಯ ನಾರನ್ನು ನುಣ್ಣಗೆ ಮಾಡಿ ಬೆರೆಸುತ್ತಾರೆ. ಊರಲ್ಲಿ ಗೋಡೆಯ ಮಣ್ಣಿಗೆ ಹುಲ್ಲು ಸೇರಿಸಿ ತುಳಿಯುತ್ತಿದ್ದರಲ್ಲ, ಹಾಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಬೆಳೆಯ ಕೂಳೆಯಿಂದ ತೆಗೆದ ಸೆಲ್ಯುಲೋಸ್ ಮತ್ತು ಹರಳೆಣ್ಣೆಯಿಂದ ಪ್ಲಾಸ್ಟಿಕ್ ಬದಲಿಗೆ ಬಳಸಬಹುದಾದ ಹಾಳೆ ತಯಾರಿಸಿದ್ದಾರೆ. ಹೌದು, ಅಜ್ಜಿ ನೆತ್ತಿಗೆ ತಟ್ಟುವ ಅದೇ ಹರಳೆಣ್ಣೆ! ಗದ್ದೆಯಲ್ಲಿ ಸುಟ್ಟು ಹೊಗೆಯಾಗುವ ಕಸ ಪೊಟ್ಟಣವಾಗುವುದಾದರೆ ಬೇಡ ಅನ್ನೋರು ಯಾರು?

ಆದರೆ ಕರಗೋಕೆ ಜಾಗ ಬೇಕಲ್ಲ. ಮೆಕ್ಕೆಜೋಳದಂಥ ಬೆಳೆಯಿಂದಲೇ ಮಾಡುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಬೇಗ ಗೊಬ್ಬರವಾಗಬೇಕಾದರೆ ಸುಮಾರು 60 ಡಿಗ್ರಿ ಬಿಸಿ ಬೇಕು, ಜೊತೆಗೆ ತೇವ, ಸೂಕ್ಷ್ಮಜೀವಿಗಳು ಬೇಕು. ಅಲ್ ವುಕೈರ್‌ನಲ್ಲಿ ಬಿಸಿಗೇನು ಕಮ್ಮಿ ಅಂತೀರಾ? ಬಿಸಿ ಇದೆ, ಮರಳಲ್ಲಿ ತೇವ ಇಲ್ಲ. ಖಾಲಿ ಜಾಗದ ಬೇಲಿಗೆ ಸಿಕ್ಕಿಕೊಂಡ ಕವರ್ ಯಾವ ಬಗೆಯದಾದರೂ ತಿಂಗಳುಗಟ್ಟಲೆ ಅಲ್ಲೇ ಪಟಪಟ ಅಂತಿರುತ್ತೆ. 'ಆಕ್ಸೊ' ಅನ್ನೋ ಇನ್ನೊಂದು ಬಗೆ ಇದೆ. ಅದು ಮಾಮೂಲಿ ಪ್ಲಾಸ್ಟಿಕ್‌ಗೇ ಒಂದು ರಾಸಾಯನಿಕ ಬೆರೆಸಿದ್ದು. ಬಿಸಿಲಿಗೆ ಚೂರುಚೂರಾಗುತ್ತೆ, ಮಾಯವಾಗಲ್ಲ. ಯುರೋಪಿಯನ್ ಒಕ್ಕೂಟ 2021ರಲ್ಲೇ ಅದನ್ನು ನಿಷೇಧಿಸಿತು. ದುಬೈನಲ್ಲಿ ಪಶುವೈದ್ಯರು ಸತ್ತ ಒಂಟೆಗಳ ಹೊಟ್ಟೆಯಿಂದ ಪ್ಲಾಸ್ಟಿಕ್ ಮುದ್ದೆಗಳನ್ನೇ ತೆಗೆದಿದ್ದಾರೆ. ಒಂಟೆ ಲೇಬಲ್ ಓದಿ ತಿನ್ನುತ್ತಾ?

ಹಾಗಾಗಿ ಅಪ್ಪ ಅಮ್ಮಂದಿರೇ, ಮೀನು, ಮಾಂಸ, ಹಸಿ ಕಸ ಇಂಥದ್ದಕ್ಕೆ ಮಾತ್ರ ಕರಗುವ ಕವರ್ ಇರಲಿ. ಅದು ಗಾಳಿಗೆ ಹಾರದೆ ಕಸದ ತೊಟ್ಟಿಗೇ ಹೋಗಲಿ. ಮೆಸಯೀದ್‌ನಲ್ಲಿ ಕಸದಿಂದ ಗೊಬ್ಬರ, ವಿದ್ಯುತ್ ಎರಡನ್ನೂ ಮಾಡುವ ಕೇಂದ್ರವಿದೆ. ಅಕ್ಕಿ, ತರಕಾರಿ, ಬ್ರೆಡ್ಡಿಗೆ ಕವರ್ ಯಾಕೆ? ಊರಿನ ಜವಳಿ ಅಂಗಡಿಯವರು ಕೊಟ್ಟ ಬಟ್ಟೆ ಚೀಲಗಳು ಎಷ್ಟು ಮನೆಗಳ ಬೀರುವಿನಲ್ಲಿ ಸುಮ್ಮನೆ ಕೂತಿಲ್ಲ ಹೇಳಿ! ಎರಡನ್ನು ಕಾರಿನಲ್ಲೇ ಇಟ್ಟುಬಿಡಿ. ಮಕ್ಕಳೇ, ಬಕಾಲಾದಲ್ಲಿ ಚೀಲವನ್ನು ಮೊದಲೇ ಮುಂದೆ ಹಿಡಿಯಿರಿ. ಕವರ್ ಬಿಡಿಸೋದರಲ್ಲಿ ಅವರ ಕೈ ಬಹಳ ಚುರುಕು.