ಕಟ್ಟಿಸಿದವರೂ ಕಟ್ಟಿದವರೂ

ಬೀದರದ ಮದ್ರಸವು ಯಾರದೆಂದು ನಮ್ಮ ಶಾಲೆಯ ಚಿಕ್ಕ ಬಾಲಿಕೆಯನ್ನು ಕೇಳಿದರೂ, ಬಹಮನೀ ಮಂತ್ರಿ ಮಹಮೂದ ಗಾವಾನನು 1472ರಲ್ಲಿ ಕಟ್ಟಿಸಿದನೆಂದು ಥಟ್ಟನೆ ಹೇಳುವಳು. ಅದನ್ನು ಕಟ್ಟಿದವರು ಯಾರೆಂದು ಕೇಳಿದರೆ ಹಿರಿಯರಾದ ನಾವೂ ಸುಮ್ಮನಾಗುವೆವು. ‘ಕಟ್ಟಿಸಿದ’ ‘ಕಟ್ಟಿದ’ ಎಂಬೆರಡು ಮಾತುಗಳಿಗೆ ಇರುವದು ಒಂದಕ್ಷರದ ಅಂತರ. ಆ ಒಂದಕ್ಷರದಲ್ಲಿ ಸಾವಿರಾರು ಜನರು ಮರೆಯಾಗಿ ಹೋದರು.

ಧಣಿಯ ಹೆಸರೊಂದೇ ಉಳಿಯಬೇಕೆಂಬ ನಿಯಮವೇನೂ ಇರಲಿಲ್ಲ. ಕಲಬುರ್ಗಿಯ ಕೋಟೆಯಲ್ಲಿ ತೆರೆದ ಅಂಗಳವಿಲ್ಲದೆ ಗುಮ್ಮಟಗಳಿಂದಲೇ ಮುಚ್ಚಿದ ದೊಡ್ಡ ಮಸೀದಿಯುಂಟು. 1367ರ ಅದರ ಶಾಸನದಲ್ಲಿ ಕಜ್ವೀನ್ ಪಟ್ಟಣದ ರಫಿ ಎಂಬವನ ಹೆಸರಿದೆ. ಆ ಒಂದು ಸಾಲಿನಿಂದ ಅವನು ಆರುನೂರೈವತ್ತು ವರ್ಷಗಳ ಮೇಲೆಯೂ ನಮಗೆ ಪರಿಚಿತನು. ಅದರಿಂದ ಸುಲ್ತಾನನ ಕೀರ್ತಿಗೆ ಕುಂದು ಬಂದಿತೇ? ಇಲ್ಲ.

ಹೆಸರಿಲ್ಲದವರ ಕೆಲಸವನ್ನಾದರೂ ನೋಡೋಣ. ಮದ್ದು ಸಿಡಿದು ಮದ್ರಸದ ಒಂದು ಪಾರ್ಶ್ವವು ಉರುಳಿದರೂ ಇನ್ನೊಂದು ಮಿನಾರು ಇಂದಿಗೂ ಬಣ್ಣದ ಹೆಂಚುಗಳನ್ನು ತೊಟ್ಟು ನಿಂತಿದೆ. ರಂಗೀನ್ ಮಹಲಿನಲ್ಲಿ ಕರಿಗಲ್ಲನ್ನು ಕೊರೆದು ಮುತ್ತಿನ ಚಿಪ್ಪನ್ನು ಕೂಡಿಸಿದ ಕೈಗಳ ನಾಜೂಕು ಎಂಥದು! ನೌಬಾದಿನ ಕರೇಜದಲ್ಲಿ ನೆಲದೊಳಗೆ ಸುರಂಗ ತೋಡಿ, ಗಾಳಿಬೆಳಕಿಗೆಂದು ಅಲ್ಲಲ್ಲಿ ಬಾವಿಯಂತೆ ಕಂಡಿಗಳನ್ನು ಬಿಟ್ಟು, ಇಳುಕಲಿನ ಬಲದಿಂದಲೇ ನೀರನ್ನು ಹರಿಸಿದರು. ಪರ್ಶಿಯದಿಂದ ಬಂದ ಆ ವಿದ್ಯೆಗೆ ಈ ನಾಡಿನ ಕೆಂಗಲ್ಲಿನ ಗುಣವನ್ನರಿತವರ ಅನುಭವವು ಕೂಡದೆ ಇಂಥ ಕೆಲಸವು ಸಾಧ್ಯವಿತ್ತೇ?

ಹಣ ಕೊಟ್ಟವನೇ ಕಟ್ಟಡದ ಒಡೆಯನಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ದಾನಿಯ ಉಪಕಾರವನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಹೊನ್ನು ತಾನಾಗಿ ಕಮಾನಾಗದು. ಕೈಕೆಲಸದವರನ್ನು ಹೆಸರಿಸದ ಚರಿತ್ರೆಯನ್ನು ಓದಿ ಬೆಳೆದ ಮಕ್ಕಳು ಕೈಕೆಲಸವನ್ನೇ ಕೀಳೆಂದು ಎಣಿಸುವರು; ಗವಂಡಿಯ ಮಗಳು ತರಗತಿಯಲ್ಲಿ ತಂದೆಯ ಕಸಬನ್ನು ಹೇಳಲು ನಾಚುವಳು. ಇದೇ ನಮಗೆ ದೊಡ್ಡ ನಷ್ಟವಾಗಿ ತೋರುತ್ತದೆ.

ಗುಲಾಂ ಯಜದಾನಿಯವರು ಬೀದರದ ಸ್ಮಾರಕಗಳನ್ನು ಅಳೆದು, ಶಾಸನಗಳನ್ನು ಓದಿ, 1947ರಲ್ಲಿ ದೊಡ್ಡ ಗ್ರಂಥವನ್ನೇ ಕೊಟ್ಟರು. ಕಲ್ಲಿನ ಮೇಲಿದ್ದುದು ಹೀಗೆ ಉಳಿಯಿತು. ಮುದುಕರ ನಾಲಗೆಯ ಮೇಲಿರುವದನ್ನು ಉಳಿಸುವವರು ಯಾರು? ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಅದು ನಿಮ್ಮಿಂದಾಗಬೇಕಾದ ಕೆಲಸ. ಭಾಲ್ಕಿಯಲ್ಲಿಯೂ ಔರಾದಿನಲ್ಲಿಯೂ ಬೀದರದ ಓಣಿಗಳಲ್ಲಿಯೂ ನಿಮ್ಮ ತವರುಮನೆಗಳಿವೆ. ಊರಿನ ಹಳೆಯ ವಾಡೆ, ಬಾವಿ, ಗುಡಿ, ಮಸೀದಿ, ಶಾಲೆಗಳ ಕಲ್ಲು ಕಡಿದವರಾರು, ಗಾರೆ ಅರೆದವರಾರು, ಮುಖ್ಯ ಗವಂಡಿ ಯಾರೆಂದು ಅಜ್ಜ ಅಜ್ಜಿಯರನ್ನು ಕೇಳಿ ಬರೆದಿಡಿರಿ. ಸುಲ್ತಾನರ ಕಾಲದ ಹೆಸರುಗಳು ಹೀಗೆ ದೊರೆಯವು. ಮೂರು ತಲೆಮಾರಿನವಾದರೂ ದೊರೆತಾವು.

ಪೋಷಕರಲ್ಲಿ ನಮ್ಮದೊಂದು ಬಿನ್ನಹ: ಇನ್ನು ಮುಂದೆ ಊರಿನಲ್ಲಿ ಏನನ್ನು ಕಟ್ಟಿಸಿದರೂ ದಾನಿಯ ಹೆಸರಿನ ಕೆಳಗೆ ಗವಂಡಿಯ ಹೆಸರನ್ನೂ ಕೆತ್ತಿಸಿರಿ. ಅದಕ್ಕೆ ಬೇಕಾಗುವದು ಒಂದು ಗೇಣು ಕಲ್ಲು ಮಾತ್ರ.